ಔಷಧಿ ಅಂಗಡಿಯಿಂದ ವಾರ್ಡ್ ರಾಜಕೀಯಕ್ಕೆ: ಇಳಿಯುವ ಮುಂಚೆ ಏನು, ಇಳಿದ ಮೇಲೆ ಏನು

ನಗರಸಭೆ ಚುನಾವಣೆ ಹತ್ತಿರ ಬಂತು ಅಂದರೆ ಪಕ್ಷದವರು ಮೂರು ಥರದ ಜನರನ್ನು ಹುಡುಕಿಕೊಂಡು ಬರುತ್ತಾರೆ: ಗುತ್ತಿಗೆದಾರ, ಕಿರಾಣಿಯವ, ಮೆಡಿಕಲ್ ಇಟ್ಟವ. ಗುತ್ತಿಗೆದಾರನ ಹತ್ತಿರ ದುಡ್ಡಿರುತ್ತದೆ. ಕಿರಾಣಿಯವನಿಗೆ ಮನೆಮನೆ ಗೊತ್ತು. ಮೆಡಿಕಲ್‌ನವನಿಗೆ ಮನೆಯೊಳಗಿನದ್ದೂ ಗೊತ್ತು. ಯಾರಿಗೆ ಶುಗರ್, ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರಿಗೆ ಗುಳಿಗೆ ಇಲ್ಲದೆ ನಿದ್ದೆ ಹತ್ತುವುದಿಲ್ಲ, ಎಲ್ಲ. ಅದಕ್ಕೇ "ಅಣ್ಣಾರ, ನೀವು ನಿಂದ್ರಿ ಸಾಕು, ಗೆದ್ದಂಗ" ಅಂತ ಶುರು ಮಾಡುತ್ತಾರೆ.

ನಾನು ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಮೆಡಿಕಲ್ ಇಟ್ಟವನು. ನನಗೂ ಈ ಮಾತು ಬಂತು. ಚುನಾವಣೆ ಕೆಲಸ ಮಾಡಿದೆ, ನಾನು ಮಾತ್ರ ನಿಲ್ಲಲಿಲ್ಲ. ಔಷಧಿ ಅಂಗಡಿಯವನಿಗೆ ರಾಜಕೀಯದಲ್ಲಿ ಇರುವ ದೊಡ್ಡ ಕೆಲಸ ಕುರ್ಚಿ ಹಿಡಿಯುವುದಲ್ಲ, ಕುರ್ಚಿಗೆ ತಕ್ಕ ಮನುಷ್ಯರನ್ನು ಹುಡುಕುವುದು. ಹಾಗಂತ ನನ್ನ ಲೆಕ್ಕ. ನಿಲ್ಲಲೇಬೇಕು ಅನ್ನುವವರಿಗೂ ಕೆಳಗೆ ಬೇಕಾದಷ್ಟು ಇದೆ, ಓದಿ.

ಹಾರ್ಫೋರ್ಡ್ ಸ್ಟ್ರೀಟಿನ ಮೆಡಿಕಲ್

ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಆಸ್ಕರ್ ಟೋಬಿನ್ ಅನ್ನುವವನ ಕಥೆ ಓದಿದ ಮೇಲೆ. ಈತ ರೊಮೇನಿಯಾದಿಂದ ಲಂಡನ್ನಿಗೆ ಬಂದ ಯಹೂದಿ. ಆ ಕಾಲಕ್ಕೆ ರೊಮೇನಿಯಾದಲ್ಲಿ ಹುಟ್ಟಿ ಬೆಳೆದ ಯಹೂದಿಗಳಿಗೂ ಪೌರತ್ವ ಸಿಗುತ್ತಿರಲಿಲ್ಲ. ತಮ್ಮ ಊರಲ್ಲೇ ಪರದೇಶಿಗಳು. ಹಡಗು ಹತ್ತಿ ಬಂದವರು ಲಂಡನ್ನಿನ ಪೂರ್ವಕ್ಕಿರುವ ಸ್ಟೆಪ್ನಿ, ವೈಟ್‌ಚಾಪೆಲ್ ಓಣಿಗಳಲ್ಲಿ ತುಂಬಿಕೊಂಡರು. ಇಂಥವರು ಜಾಸ್ತಿ ಬರುತ್ತಿದ್ದಾರೆ ಅಂತ ಬ್ರಿಟನ್ 1905ರಲ್ಲಿ ತಡೆಯುವ ಕಾಯ್ದೆಯನ್ನೇ ಮಾಡಿತು.

ಸ್ಟೆಪ್ನಿಯ ಒಂದು ಕಡೆ ಥೇಮ್ಸ್ ನದಿ ದಂಡೆ. ಅಲ್ಲಿ ಹಡಗಿನ ಮಾಲು ಇಳಿಸುವ ಐರಿಷ್ ಹಮಾಲರು. ಇನ್ನೊಂದು ಕಡೆ ಬಟ್ಟೆ ಹೊಲಿಯುವ ಯಹೂದಿ ದರ್ಜಿಗಳು. ದೇವರು ಬೇರೆ, ಭಾಷೆ ಬೇರೆ, ಊಟ ಬೇರೆ. ಇಬ್ಬರೂ ಬಾಡಿಗೆ ಕೊಡುತ್ತಿದ್ದದ್ದು ಮಾತ್ರ ಒಂದೇ ಥರದ ಸೋರುವ ಮನೆಗಳಿಗೆ. ಟೋಬಿನ್ ಅಲ್ಲೇ ಮೈಲ್ ಎಂಡ್‌ನ ಹಾರ್ಫೋರ್ಡ್ ಸ್ಟ್ರೀಟಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಆತ ಸಮಾಜವಾದಿ. ಆ ಹಮಾಲರನ್ನೂ ಈ ದರ್ಜಿಗಳನ್ನೂ ಒಂದೇ ಲೇಬರ್ ಪಕ್ಷದ ಕೆಳಗೆ ತರಲು ಓಡಾಡಿದವರಲ್ಲಿ ಆತ ಮುಖ್ಯ.

1919ರಲ್ಲಿ ಮೊದಲ ಮಹಾಯುದ್ಧದಿಂದ ವಾಪಸು ಬಂದ ಒಬ್ಬ ಮೇಜರ್ ಟೋಬಿನ್‌ನನ್ನು ನೋಡಲು ಹೋದ. ಶ್ರೀಮಂತ ವಕೀಲರ ಮನೆ ಹುಡುಗ, ಮಾತು ಕಡಿಮೆ, ಯುದ್ಧಕ್ಕೆ ಮುಂಚೆ ಇದೇ ಓಣಿಗಳಲ್ಲಿ ಬಡ ಹುಡುಗರ ಕ್ಲಬ್ ನಡೆಸಿದ್ದವನು. ಯಹೂದಿಯೂ ಅಲ್ಲ, ಐರಿಷ್‌ನವನೂ ಅಲ್ಲ. ಎರಡೂ ಕಡೆಯವರು ಒಪ್ಪಬಹುದಾದ ಆಳು ಈತನೇ ಅಂತ ಟೋಬಿನ್ ಗುರುತಿಸಿದ. ಆ ಮೇಜರ್ ಲಂಡನ್ ಕೌಂಟಿ ಕೌನ್ಸಿಲ್, ಅಂದರೆ ಇಡೀ ಲಂಡನ್ನಿನ ಸಭೆಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತ. ಅದೇ ವರ್ಷ ನವೆಂಬರಿನಲ್ಲಿ ಸ್ಟೆಪ್ನಿ ಬರೋ ಕೌನ್ಸಿಲ್, ಅಂದರೆ ನಮ್ಮ ನಗರಸಭೆ ಇದ್ದಂಗೆ, ಲೇಬರ್ ಕೈಗೆ ಬಂತು. ಕೌನ್ಸಿಲರ್ ಆಗಿ ಗೆದ್ದವನಲ್ಲದಿದ್ದರೂ ಆತನನ್ನೇ ಕರೆದು ಮೇಯರ್ ಮಾಡಿದರು. ಮನೆ ರಿಪೇರಿ ಮಾಡಿಸದ ಮಾಲೀಕರಿಗೆ ನೋಟಿಸ್ ಹೋಯಿತು. ನೈರ್ಮಲ್ಯ ಇನ್‌ಸ್ಪೆಕ್ಟರುಗಳು, ಮನೆಮನೆಗೆ ಹೋಗುವ ಆರೋಗ್ಯ ಸಹಾಯಕಿಯರು ನೇಮಕವಾದರು. ಹಸುಗೂಸುಗಳ ಸಾವು ಕಡಿಮೆಯಾಯಿತು.

ಆ ಮೇಜರ್ ಹೆಸರು ಕ್ಲೆಮೆಂಟ್ ಆಟ್ಲಿ. 1922ರಲ್ಲಿ ಅದೇ ಸ್ಟೆಪ್ನಿಯ ಲೈಮ್‌ಹೌಸ್‌ನಿಂದ ಪಾರ್ಲಿಮೆಂಟಿಗೆ ಹೋದ, 1945ರಲ್ಲಿ ಪ್ರಧಾನಿಯಾದ. 1947ರ ಫೆಬ್ರವರಿ 20ರಂದು ಭಾರತ ಬಿಟ್ಟು ಹೋಗುತ್ತೇವೆ ಅಂತ ಪಾರ್ಲಿಮೆಂಟಿನಲ್ಲಿ ಹೇಳಿದ್ದು ಆತನೇ. (ಆ ಆಗಸ್ಟ್ 15ಕ್ಕೆ ನಮಗೇನೂ ಸಿಗಲಿಲ್ಲ ಅನ್ನುವುದು ಬೇರೆ ಮಾತು. ರಾಯಚೂರು ಆಗ ನಿಜಾಮನ ಕೈಯಲ್ಲಿತ್ತು. ನಮ್ಮ ಕಡೆ ಬಾವುಟ ಏರಲು 1948ರ ಸೆಪ್ಟೆಂಬರ್ 17 ಬರಬೇಕಾಯಿತು.)

ನಮ್ಮ ಪಠ್ಯಪುಸ್ತಕದಲ್ಲಿ ಆಟ್ಲಿ ಇದ್ದಾನೆ. ಟೋಬಿನ್ ಇಲ್ಲ.

ಈ ಕಥೆ ನನಗೆ ಹಿಡಿಸಿದ್ದಕ್ಕೆ ಮನೆಯ ಕಾರಣವೂ ಉಂಟು. ನಮ್ಮ ತಾತ ಗೋದಾವರಿ ಕಡೆಯವರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಅಲ್ಲಿದ್ದ ಚೂರು ಭೂಮಿ ಮಾರಿ ಇಲ್ಲಿಗೆ ಬಂದು ಕ್ಯಾಂಪಿನಲ್ಲಿ, ಅಂದರೆ ಹೊರಗಿನಿಂದ ಬಂದ ರೈತರ ವಸತಿಯಲ್ಲಿ, ಗುಡಿಸಲು ಹಾಕಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ, ಜೊತೆಗೆ ಉರ್ದು. ಆರ್‌ಎಚ್ ಕ್ಯಾಂಪಿನಿಂದ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನಿಂದ, ಬರುವ ಬಂಗಾಲಿಗಳ ಹತ್ತಿರ ನಾಲ್ಕು ಮಾತು ಬಂಗಾಲಿಯನ್ನೂ ಕಲಿತೆ. ಹೊರಗಿನಿಂದ ಬಂದವರ ಊರಿನಲ್ಲಿ ಔಷಧಿ ಅಂಗಡಿ ಅಂದರೇನು ಅನ್ನುವುದು ನನಗೆ ಹೇಳಿಕೊಡಬೇಕಾಗಿಲ್ಲ.

ನಿಲ್ಲುವ ಆಸೆ ಇದ್ದರೆ ಮೊದಲು ಕಾಗದ

ವಾರ್ಡ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ದೆಹಲಿಯದ್ದಲ್ಲ. ನಿಮಗೆ 21 ವರ್ಷ ತುಂಬಿರಬೇಕು, ನಿಮ್ಮ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅಂಗಡಿ ಒಂದು ಕಡೆ, ಮನೆ ಒಂದು ಕಡೆ, ಹೆಸರು ಇನ್ನೂ ಹಳೆ ಹಳ್ಳಿಯಲ್ಲೇ ಇರುವವರು ನಮ್ಮಲ್ಲಿ ಬಹಳ. ಈಗಲೇ ನೋಡಿಕೊಳ್ಳಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಮನೆ ತೆರಿಗೆ, ನೀರಿನ ಕರ ಬಾಕಿ ಇಟ್ಟುಕೊಂಡು ನಾಮಪತ್ರ ಕೊಡಲು ಹೋಗಬೇಡಿ. ನಗರಸಭೆಗೆ ಬ್ಲೀಚಿಂಗ್ ಪೌಡರ್, ಫಿನಾಯಿಲ್, ಮಾಸ್ಕು ಅಂತ ಏನಾದರೂ ಸಪ್ಲೈ ಮಾಡುತ್ತಿದ್ದರೆ ಅದು ಗುತ್ತಿಗೆ. ನಗರಸಭೆಯ ಗುತ್ತಿಗೆಯಲ್ಲಿ ಪಾಲಿದ್ದವನು ಸದಸ್ಯನಾಗಲು ಬರುವುದಿಲ್ಲ. ಬಿಲ್ಲು ತಮ್ಮನ ಹೆಸರಿನಲ್ಲಿದೆ ಅಂತ ಸುಮ್ನೆ ಕೂರಬೇಡಿ, ಒಬ್ಬ ವಕೀಲರಿಗೆ ತೋರಿಸಿ.

ವಾರ್ಡಿನ ಮೀಸಲಾತಿ ಪಟ್ಟಿ ಮೊದಲು ಕರಡಾಗಿ ಬರುತ್ತದೆ. ಆಕ್ಷೇಪಣೆಗೆ ಕೊಡುವ ದಿನಗಳು ಬಹಳ ಕಡಿಮೆ. ಆ ಪಟ್ಟಿ ನೋಡುವವರೆಗೆ ಬ್ಯಾನರ್‌ಗೆ ಫೋಟೋ ತೆಗೆಸಬೇಡಿ.

ಅಂಗಡಿಯನ್ನು ಗಟ್ಟಿ ಮಾಡಿಕೊಳ್ಳಿ

ನೀವು ಪ್ರಚಾರಕ್ಕೆ ಹೋದಾಗ ಕೌಂಟರಿನಲ್ಲಿ ಯಾರು? ಇದು ನಮ್ಮ ಕಸುಬಿನವರಿಗೆ ಮಾತ್ರ ಇರುವ ಕಷ್ಟ. ಕಿರಾಣಿಯವನು ಮಗನನ್ನು ಕೂರಿಸಿ ಹೋಗಬಹುದು. ನಾವು ಹಾಗಲ್ಲ. ಡಾಕ್ಟರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಎದುರೇ ಕೊಡಬೇಕು, ಇಲ್ಲವಾದರೆ ಲೈಸೆನ್ಸಿಗೆ ಕುತ್ತು. ನೀವು ಚುನಾವಣೆಗೆ ಇಳಿದ ದಿನವೇ ಎದುರಾಳಿ ಕಡೆಯವನೊಬ್ಬ ಡ್ರಗ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಲು ಕಾಯುತ್ತಿರುತ್ತಾನೆ ಅಂತಲೇ ತಿಳಿಯಿರಿ. ಇನ್ನೊಬ್ಬ ಫಾರ್ಮಸಿಸ್ಟ್ ಇಟ್ಟುಕೊಳ್ಳಿ. ಆಗದಿದ್ದರೆ ಓಡಾಡುವ ಹೊತ್ತು ಶಟರ್ ಎಳೆಯಿರಿ.

ಎಚ್1 ರಿಜಿಸ್ಟರ್, ಅಂದರೆ ಕಟ್ಟುನಿಟ್ಟಿನ ಔಷಧಿಗಳ ಮಾರಾಟ ಬರೆಯುವ ಪುಸ್ತಕ, ನಿತ್ಯ ತುಂಬಿ. ಸೆಫಿಕ್ಸಿಮ್, ಟ್ರಮಡಾಲ್, ಆಲ್ಪ್ರಜೋಲಮ್ ಕೊಟ್ಟರೆ ಬರೆದ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಅನ್ನುವುದು ಅದರಲ್ಲಿರಬೇಕು. ಆ ಪುಸ್ತಕವನ್ನು 3 ವರ್ಷ ಕಾಯ್ದಿಡಬೇಕು. ಎಕ್ಸ್‌ಪೈರಿ ಮಾಲು ಬೇರೆ ಡಬ್ಬದಲ್ಲಿ, ಮೇಲೆ ಚೀಟಿ ಅಂಟಿಸಿ. ಇವೆಲ್ಲ ಯಾವಾಗಲೂ ಮಾಡಬೇಕಾದ್ದೇ, ಚುನಾವಣೆ ವರ್ಷ ಸ್ವಲ್ಪ ಹೆಚ್ಚು ಹುಷಾರು.

ಕಷ್ಟದ್ದು ಇನ್ನೊಂದು. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೇಳುವವರು ಬಂದೇ ಬರುತ್ತಾರೆ. "ಯಣ್ಣ, ನಾಕು ಗುಳಿಗಿ ಕೊಡ್ರಿ, ನಮ್ಮನಿಯಾಗ ಐದು ಓಟದಾವ" ಅಂತ ಬಾಯಿಬಿಟ್ಟು ಹೇಳಿದವನೂ ಇದ್ದಾನೆ. ಮೊದಲು ಕೊಡದವರು ಈಗ ಕೊಟ್ಟರೆ, ಈ ಅಂಗಡಿಯಲ್ಲಿ ಏನು ಕೇಳಿದರೂ ಸಿಗುತ್ತದೆ ಅಂತ ಓಣಿಗೆಲ್ಲ ಹಬ್ಬುತ್ತದೆ. ಚುನಾವಣೆ ಮುಗಿದ ಮೇಲೆ ಆ ರೂಢಿ ಬಿಡಿಸಲು ವರ್ಷಗಟ್ಟಲೆ ಬೇಕು. ಆ ಐದು ಓಟು ಹೋಗಲಿ ಬಿಡಿ.

ಉದ್ರಿ ಪುಸ್ತಕ

ನಮ್ಮ ಕಡೆ ಉದ್ರಿ ಇಲ್ಲದ ಮೆಡಿಕಲ್ ಇಲ್ಲ. ಭತ್ತ ಕಟಾವಾಗಿ ದುಡ್ಡು ಬರುವವರೆಗೆ ಬಿಪಿ, ಶುಗರ್ ಗುಳಿಗೆ ಉದ್ರಿಯಲ್ಲೇ ಹೋಗುತ್ತವೆ. ಆ ಪುಸ್ತಕ ನಿಮ್ಮ ಕೈಯಲ್ಲಿದೆ ಅಂದರೆ ವಾರ್ಡಿನ ಅರ್ಧ ಮನೆಗಳು ನಿಮ್ಮ ಎದುರು ತಲೆ ತಗ್ಗಿಸುತ್ತವೆ. ಸಲಹೆ ಕೊಡುವವರು ಹೇಳುವುದು ಒಂದೇ: "ಮಾಫ್ ಮಾಡಿಬಿಡ್ರಿ, ಓಟು ತಾನೇ ಬರ್ತಾವ." ಓಟಿಗಾಗಿ ಸಾಲ ಬಿಡುವುದು ಕಾನೂನಿನಲ್ಲಿ ಲಂಚ. ಬಾಕಿ ಕೇಳಿ ಹೆದರಿಸುವುದೂ ಅಪರಾಧವೇ.

ನಾವು ಮಾಡಿದ್ದು ಹೀಗೆ. ಘೋಷಣೆಗೆ ಮುಂಚೆಯೇ ಪುಸ್ತಕವನ್ನು ನನ್ನ ಅಕ್ಕನ ಕೈಗೆ ಕೊಟ್ಟೆ. ಅವಳಿಗೆ ರಾಜಕೀಯ ಅಂದರೆ ಆಗದು. ವಸೂಲಿ ಯಾವಾಗಿನ ಹಾಗೆಯೇ ಅವಳೇ ಮಾಡಿದಳು, ಹೊಸ ಉದ್ರಿ ಬರೆದದ್ದೂ ಅವಳೇ. ಮನೆಮನೆ ಪ್ರಚಾರಕ್ಕೆ ಹೋದಾಗ ಯಾರಾದರೂ "ನಿಮ್ಮ ಬಾಕಿ ಅದ ರೀ ಅಣ್ಣಾ" ಅಂತ ಮಾತು ತೆಗೆದರೆ, "ಅದನ್ನ ಅಕ್ಕನ ಹತ್ರ ಮಾತಾಡ್ರಿ, ನಾ ಬಂದಿದ್ದು ನಲ್ಲಿ ವಿಷಯಕ್ಕ" ಅನ್ನುತ್ತಿದ್ದೆ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಓಣಿ ಬರೆಯಿರಿ, ಹೆಸರು ಬರೆಯಬೇಡಿ

ಇದು ನಿಜವಾದ ಕೆಲಸ. ಬೇರೆ ಯಾವ ಕಸುಬಿನವನಿಗೂ ಇದು ಸಾಧ್ಯವಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ತಾರೀಖು, ಮೇಲೆ ಓಣಿಗಳ ಹೆಸರು. ವಾಂತಿ ಭೇದಿಗೆ ಕುಡಿಸುವ ಒಆರ್‌ಎಸ್ ಪ್ಯಾಕೆಟ್ ಹೋದಾಗ ಆ ಓಣಿಯ ಕೆಳಗೆ ಒಂದು ಗೆರೆ. ಮಕ್ಕಳ ಜಿಂಕ್ ಸಿರಪ್ ಹೋದರೆ ಒಂದು ಸೊನ್ನೆ. ಭೇದಿ ನಿಲ್ಲಿಸುವ ಗುಳಿಗೆಗೆ ಒಂದು ಚುಕ್ಕೆ. ಯಾರು ಒಯ್ದರು ಅಂತ ಬರೆಯಬೇಡಿ. ರೋಗಿಯ ಗುಟ್ಟು ಅಂಗಡಿಯಿಂದ ಹೊರಗೆ ಹೋಗಬಾರದು, ಆ ನೋಟ್‌ಬುಕ್ ನಾಳೆ ಯಾರ ಕೈಗೆ ಸಿಕ್ಕರೂ ಒಬ್ಬರ ಮಾನವೂ ಹೋಗಬಾರದು.

ಸಾಮಾನ್ಯವಾಗಿ ಗೆರೆಗಳು ಎಲ್ಲ ಓಣಿಗೂ ಹರಡಿರುತ್ತವೆ. ಒಂದು ದಿನ ಒಂದೇ ಓಣಿಯ ಕೆಳಗೆ ಗೆರೆ, ಸೊನ್ನೆ, ಚುಕ್ಕೆ ಎಲ್ಲ ಸಾಲಾಗಿ ನಿಂತವು ಅಂದರೆ ತಡ ಮಾಡಬೇಡಿ, ಆ ಓಣಿಯ ನಲ್ಲಿ ನೋಡಲು ಹೋಗಿ. ಪೈಪು ಚರಂಡಿಯೊಳಗೆ ಹಾದು ಹೋಗಿದೆಯಾ, ಜಾಯಿಂಟ್ ಸೋರುತ್ತಿದೆಯಾ ನೋಡಿ. ನೀರು ನಿಂತ ಹೊತ್ತಿನಲ್ಲಿ ಪೈಪು ಖಾಲಿಯಾಗುತ್ತದೆ, ಆಗ ಆ ಸೋರುವ ಜಾಗದಿಂದಲೇ ಹೊರಗಿನ ಕೊಳೆ ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಎರಡು ಕೊಡ ಅದೇ ಬರುವುದು.

ಕ್ಲೋರಿನ್ ನೋಡುವ ಕಿಟ್ ದುಬಾರಿಯಲ್ಲ. ಸಣ್ಣ ಟ್ಯೂಬಿಗೆ ಗುರುತಿನವರೆಗೆ ನಲ್ಲಿ ನೀರು ಹಿಡಿದು, ಬಾಟಲಿಯ ದ್ರಾವಣ ಹೇಳಿದಷ್ಟು ಹನಿ ಹಾಕಿ, ಅಲುಗಾಡಿಸಿ, ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಬೇಕು. ಹಳದಿ ಬಂದರೆ ಕ್ಲೋರಿನ್ ಇದೆ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕಡಿಮೆ ಅಂದರೂ 0.2 ಮಿಲಿಗ್ರಾಂ ಇರಬೇಕು. ಬಣ್ಣವೇ ಬರದಿದ್ದರೆ ಆ ನೀರಿಗೆ ಕಾವಲಿಲ್ಲ. ಓಣಿಯ ಹೆಂಗಸರ ಎದುರೇ ಮಾಡಿ ತೋರಿಸಿ. ಭಾಷಣಕ್ಕೆ ಯಾರೂ ನಿಲ್ಲುವುದಿಲ್ಲ, ಆದರೆ ತಮ್ಮ ಕೊಡದ ನೀರಿಗೆ ಹನಿ ಬಿಡುತ್ತಿದ್ದಾರೆ ಅಂದರೆ ಒಲೆ ಆರಿಸಿ ಹೊರಗೆ ಬರುತ್ತಾರೆ.

ಇದೆಲ್ಲ ಅತಿಯಾಯಿತು ಅನ್ನಿಸಿದರೆ 2022ರ ರಾಯಚೂರು ನೆನಪಿಸಿಕೊಳ್ಳಿ. ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು, ಬಹಳ ಮಂದಿ ಆಸ್ಪತ್ರೆ ಸೇರಿದರು. ಅಂಥ ಹೊತ್ತಿನಲ್ಲಿ ಲ್ಯಾಬ್ ರಿಪೋರ್ಟಿಗಿಂತ ಮುಂಚೆ ಸುಳಿವು ಸಿಗುವುದು ಮೆಡಿಕಲ್ ಕೌಂಟರಿಗೆ.

ಇನ್ನೊಂದು ಸಣ್ಣದು. ಭತ್ತಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ತಲೆನೋವು, ವಾಂತಿ ಅಂತ ಕೂಲಿಯವರು ಬರುತ್ತಾರೆ. ಬೆವರು ಸುರಿಯುತ್ತಿದ್ದು, ಜೊಲ್ಲು ಬರುತ್ತಿದ್ದು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದ್ದರೆ ಗುಳಿಗೆ ಕೊಡಬೇಡಿ. ಔಷಧಿ ಬಿದ್ದ ಅಂಗಿ ತೆಗೆಸಿ, ಮೈಗೆ ಸೋಪು ಹಚ್ಚಿ ತೊಳೆಸಿ, ಬಾಟಲಿ ಸಮೇತ ಆಸ್ಪತ್ರೆಗೆ ಕಳಿಸಿ. ಚುನಾವಣೆಗೂ ಇದಕ್ಕೂ ಸಂಬಂಧ ಇಲ್ಲ. ಕಸುಬಿನವರಿಗೆ ಬರೆಯುವಾಗ ಹೇಳದೆ ಬಿಡಬಾರದು ಅಂತ ಹೇಳಿದೆ.

ಆಳು ಹುಡುಕುವುದು

ನಮ್ಮ ವಾರ್ಡಿಗೆ ಮಹಿಳಾ ಮೀಸಲಾತಿ ಬಂತು. ಮರುದಿನವೇ ನಾಲ್ಕು ಜನ ಬಂದು "ಅಕ್ಕಾರ ಹೆಸರು ಹಾಕ್ರಿ, ಕೆಲಸ ನೀವು ನೋಡ್ಕೋರಿ" ಅಂದರು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಬಂದವರಿಗೆ ಚಹಾ ಕೊಟ್ಟು, "ನಿಮ್ಮ ಕೆಲಸಕ್ಕ ನಾ ಸಹಿ ಮಾಡೋದಿಲ್ರಿ" ಅಂತ ಒಂದೇ ಮಾತು ಹೇಳಿ ಒಳಗೆ ಹೋದಳು. ಹೆಂಡತಿಯ ಹೆಸರಲ್ಲಿ ಗಂಡ ಸಭೆ ನಡೆಸುವುದು ನಮ್ಮ ಕಡೆ ಎಷ್ಟು ರೂಢಿಯಾಗಿದೆ ಅಂದರೆ, ಹಾಗೆ ಮಾಡದವನೇ ಸೋಮಾರಿ ಅನ್ನಿಸಿಕೊಳ್ಳುತ್ತಾನೆ. ನನಗೆ ಅದು ಹಿಡಿಸದು.

ಹಾಗಾದರೆ ಯಾರು? ಕೌಂಟರಿನಿಂದಲೇ ಹುಡುಕಿ. ಗಮನಿಸಬೇಕಾದ್ದು ಇಷ್ಟು: ತನ್ನ ಚೀಟಿಯ ಜೊತೆ ಪಕ್ಕದ ಮನೆಯವರ ಚೀಟಿಯನ್ನೂ ತರುವವರು ಯಾರು. ಲೆಕ್ಕ ಎರಡು ಸಲ ನೋಡುವವರು ಯಾರು. "ಇದರಾಗ ಕಡಿಮಿ ರೇಟಿಂದು ಇಲ್ಲೇನ್ರಿ" ಅಂತ ನಾಚದೆ ಕೇಳುವವರು ಯಾರು. ನಮಗೆ ಸಿಕ್ಕವರು ರೊಟ್ಟಿ ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು. ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದರು. ಅತ್ತೆಯ ಇನ್ಸುಲಿನ್ ಒಯ್ಯಲು ಬಂದಾಗಲೆಲ್ಲ ಐಸ್ ಹಾಕಿದ ಡಬ್ಬಿ ತಂದೇ ಇರುತ್ತಿದ್ದರು, ನಾನು ಹೇಳಿಕೊಡದೆ. ಬಜಾರಿನ ಮುಸ್ಲಿಂ ಮನೆಗಳಿಗೂ, ತೆಲುಗಿನವರ ಮನೆಗಳಿಗೂ ಅವರ ರೊಟ್ಟಿ ಹೋಗುತ್ತಿತ್ತು. ಯಾವ ಒಂದು ಗುಂಪಿನವರೂ ಅಲ್ಲ, ಎಲ್ಲರ ಬಾಗಿಲಿಗೂ ಹೋದವರು. ಟೋಬಿನ್ ಆಟ್ಲಿಯಲ್ಲಿ ಹುಡುಕಿದ್ದೂ ಅದನ್ನೇ ಅಲ್ವಾ?

ಒಪ್ಪಿಸುವುದು ಸುಲಭವಾಗಲಿಲ್ಲ. ಅವರ ಮನೆಯವರು "ದುಡ್ಡು ಎಲ್ಲೈತಿ" ಅಂದರು. ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹೋಗಿ. ಖರ್ಚಿಗೆ ಮಿತಿ ಇದೆ, ಲೆಕ್ಕ ಕೊಡಬೇಕು, ಅಷ್ಟರೊಳಗೇ ಮಾಡುತ್ತೇವೆ, ಖಾನಾವಳಿ ಮಧ್ಯಾಹ್ನ ನಿಲ್ಲುವುದಿಲ್ಲ, ಪ್ರಚಾರ ಬೆಳಿಗ್ಗೆ ಮತ್ತು ಸಂಜೆ ಮಾತ್ರ. ಹೀಗೆ ಬಿಡಿಸಿ ಹೇಳಿದ ಮೇಲೆ ಅವರ ಅತ್ತೆಯೇ "ನಿಂದ್ರು ಹೋಗವ್ವ" ಅಂದರು.

ಕರಪತ್ರ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಮಾಡಿಸಿ. ಸ್ಟೆಪ್ನಿ ಓಣಿಗಳಲ್ಲಿ ಅಲ್ಲಿನ ಯಹೂದಿಗಳು ಆಡುವ ಯಿಡ್ಡಿಷ್ ಭಾಷೆಯಲ್ಲೂ ಕರಪತ್ರ ಹಂಚುತ್ತಿದ್ದರು. ಓದಲು ಬಾರದವರಿಗೆ ನಾವು ಸ್ಟ್ರಿಪ್ ಮೇಲೆ ಸೂರ್ಯ, ಚಂದ್ರ ಬರೆದು ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ತಿಳಿಸುತ್ತೇವಲ್ಲ, ಹಾಗೆಯೇ ಕರಪತ್ರದಲ್ಲೂ ನಲ್ಲಿ, ದೀಪ, ಚರಂಡಿ ಚಿತ್ರ ಹಾಕಿ. ಆದರೆ ಕರಪತ್ರವನ್ನು ಔಷಧಿ ಕವರಿನೊಳಗೆ ಹಾಕಿ ಕೊಡಬೇಡಿ. ಅಂಗಡಿಯಲ್ಲಿ ಪಕ್ಷದ ಬಾವುಟವೂ ಬೇಡ. ಎದುರಾಳಿಯ ತಾಯಿಗೂ ಬಿಪಿ ಗುಳಿಗೆ ಬೇಕು. ಆಕೆ ನಿಮ್ಮ ಮೆಟ್ಟಿಲು ಹತ್ತಲು ಹಿಂಜರಿಯಬಾರದು.

ಗೆದ್ದ ಮೇಲೆ

ಗೆದ್ದರೂ ಸೋತರೂ ಮೊದಲ ಕೆಲಸ ಖರ್ಚಿನ ಲೆಕ್ಕವನ್ನು ಗಡುವಿನೊಳಗೆ ಕೊಡುವುದು. ಚಹಾ, ಆಟೋ, ಪ್ರಿಂಟಿಂಗ್, ಎಲ್ಲದರ ಬಿಲ್ಲು ಅಂದಂದೇ ಫೈಲಿಗೆ ಹಾಕಿದ್ದರೆ ಒಂದು ಮಧ್ಯಾಹ್ನದ ಕೆಲಸ. ನಮ್ಮವರು ಗೆದ್ದರು, ದೊಡ್ಡ ಅಂತರವೇನಲ್ಲ.

ಸಾಮಾನ್ಯ ಸಭೆಗೆ ಹೋಗುವ ಮುಂಚೆ ಅಜೆಂಡಾ ಕೈಗೆ ಬರುತ್ತದೆ. ಬಹಳ ಸದಸ್ಯರು ಅದನ್ನು ಮಡಚಿ ಬೀಸಣಿಗೆ ಮಾಡಿಕೊಳ್ಳುತ್ತಾರೆ. ಮೆಡಿಕಲ್‌ನವನು ಇಲ್ಲಿ ಉಪಯೋಗಕ್ಕೆ ಬರುತ್ತಾನೆ. ಇನ್‌ವಾಯ್ಸ್, ಬ್ಯಾಚ್ ನಂಬರ್, ತಯಾರಾದ ತಿಂಗಳು ಓದುವುದು ನಮಗೆ ನಿತ್ಯದ ಕೆಲಸ. ಉದಾಹರಣೆಗೆ ಬ್ಲೀಚಿಂಗ್ ಪೌಡರ್. ಹೊಸದಾಗಿದ್ದಾಗ ಅದರಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ನಮ್ಮ ಬಿಸಿಲಿಗೆ, ಬಾಯಿ ತೆರೆದ ಚೀಲದಲ್ಲಿ ಇಟ್ಟರೆ ಅದು ಇಳಿಯುತ್ತಾ ಹೋಗುತ್ತದೆ.

ಲೆಕ್ಕ ಹೀಗೆ ಮಾಡಿ. 1 ಲಕ್ಷ ಲೀಟರಿನ ಟ್ಯಾಂಕು, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕಬೇಕು ಅಂತಿಟ್ಟುಕೊಳ್ಳಿ. ಒಟ್ಟು ಬೇಕಾದ್ದು 200 ಗ್ರಾಂ ಕ್ಲೋರಿನ್. ಪೌಡರ್ 33% ಇದ್ದರೆ ಸುಮಾರು 600 ಗ್ರಾಂ ಸಾಕು. ಅದೇ ಪೌಡರ್ ಸತ್ತು 15%ಗೆ ಇಳಿದಿದ್ದರೆ 1.3 ಕೆಜಿ ಬೇಕು. ಹಳೆ ಪೌಡರನ್ನು ಹೊಸದರ ಅಳತೆಯಲ್ಲೇ ಹಾಕಿದರೆ ಟ್ಯಾಂಕಿನಲ್ಲಿ ವಾಸನೆ ಇರುತ್ತದೆ, ಓಣಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಇರುವುದಿಲ್ಲ. ಹಾಗಾಗಿ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ಚೀಲ ಕೊಂಡಿರಿ" ಅನ್ನುವುದಲ್ಲ. ಯಾವ ತಿಂಗಳು ತಯಾರಾದ ಮಾಲು, ಎಲ್ಲಿ ಇಟ್ಟಿದ್ದೀರಿ, ಕೊನೆಯ ಸಲ ಶೇಕಡಾ ಎಷ್ಟು ಅಂತ ಪರೀಕ್ಷೆ ಮಾಡಿಸಿದ್ದು ಯಾವಾಗ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ಕೇಳಿ ಪಡೆಯಿರಿ.

ನಮ್ಮ ಸದಸ್ಯರು ಆ ಲೆಕ್ಕವನ್ನು ಒಂದೇ ಸಲಕ್ಕೆ ಕಲಿತರು. ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಅಂತ ಬಾಯಲ್ಲೇ ಹೇಳುವವರಿಗೆ ಇದೇನು ಮಹಾ.

ಇನ್ನು ನೀವೇ ನಿಂತು ಗೆದ್ದಿದ್ದರೆ, ಅಂಗಡಿಗೆ ಔಷಧಿಗಿಂತ ಅರ್ಜಿಗೆ ಬರುವವರೇ ಜಾಸ್ತಿಯಾಗುತ್ತಾರೆ. ಖಾತಾ, ರೇಷನ್ ಕಾರ್ಡು, ಬೀದಿ ದೀಪ. ಅದಕ್ಕೆ ಬೇರೆ ಹೊತ್ತು, ಬೇರೆ ಜಾಗ ಮಾಡಿ. ಪಕ್ಕದ ಕಟ್ಟೆಯಾದರೂ ಆದೀತು, ಸಂಜೆ ಒಂದು ತಾಸು. ಜ್ವರದ ಮಗು ಎತ್ತಿಕೊಂಡು ಬಂದವಳು ಖಾತಾ ಅರ್ಜಿಯವನ ಹಿಂದೆ ನಿಲ್ಲುವಂತಾಗಬಾರದು.